ಬರ್ಲಿನ್: ಹಳೆಯ ಫೋಟೋ ತೆಗೆದ ಜಾಗದಲ್ಲೇ ಮತ್ತೆ ಕ್ಯಾಮೆರಾ ಇಡುವುದು

ನಗರವನ್ನು ಪೂರ್ವ, ಪಶ್ಚಿಮ ಎಂದು ಸೀಳಿದ್ದ ಗೋಡೆ ಇದ್ದಾಗಿನ ಬರ್ಲಿನ್ ಫೋಟೋ ಕೈಯಲ್ಲಿ ಹಿಡಿದು ಇವತ್ತಿನ ಜೋಡಿಚಿತ್ರ ತೆಗೆಯುವುದೆಂದರೆ, ಮುಕ್ಕಾಲು ಪಾಲು ಕೆಲಸ ನಿಲ್ಲುವ ಜಾಗ ಹುಡುಕುವುದೇ. ನಾನು ಹಳೆಯದಕ್ಕಿಂತ ಸ್ವಲ್ಪ ಅಗಲದ ಲೆನ್ಸ್ ಹಾಕಿ ಆಮೇಲೆ ಅಂಚು ಕತ್ತರಿಸುತ್ತೇನೆ. ಹತ್ತಿರದ ವಸ್ತು ದೂರದ್ದನ್ನು ಎಷ್ಟು ಮರೆಮಾಡುತ್ತದೆ ಅನ್ನುವುದು ಮಾತ್ರ ಲೆನ್ಸಿನ ಕೈಯಲ್ಲಿಲ್ಲ, ನಿಂತ ಜಾಗದ ಕೈಯಲ್ಲಿದೆ.

ಹಳೆಯ ಚಿತ್ರದಲ್ಲಿ ಗೋಡೆಯೇ ಅಳತೆಕೋಲು. 1970ರ ದಶಕದ ನಡುವಿನಿಂದ ನಿಲ್ಲಿಸಿದ ಎಲ್ ಆಕಾರದ ಕಾಂಕ್ರೀಟ್ ತುಂಡುಗಳು ಒಂದೊಂದೂ 1.2 ಮೀಟರ್ ಅಗಲ, 3.6 ಮೀಟರ್ ಎತ್ತರ. 50 ಮಿ.ಮೀ. ಲೆನ್ಸಿನಲ್ಲಿ ತೆಗೆದ ನೆಗೆಟಿವ್‌ನಲ್ಲಿ ಒಂದು ತುಂಡು 2 ಮಿ.ಮೀ. ಅಗಲ ಬಂದಿದ್ದರೆ 1.2 × 50 ÷ 2, ಅಂದರೆ ಗೋಡೆ 30 ಮೀಟರ್ ದೂರ. ಓರೆಯಾಗಿ ತೆಗೆದ ಚಿತ್ರಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಕತ್ತರಿಸಿದ ಪ್ರಿಂಟಿಗೂ ನಡೆಯುವುದಿಲ್ಲ. ಗೋಡೆ ಹೋದರೂ ಅದು ಹಾದುಹೋದ ಗೆರೆಯನ್ನು ನಗರದ ನಡುಭಾಗದ ರಸ್ತೆಗಳಲ್ಲಿ ಎರಡು ಸಾಲು ಕಲ್ಲು ಹುದುಗಿಸಿ ಗುರುತಿಸಿದ್ದಾರೆ. ಟೇಪನ್ನು ಅಲ್ಲಿಂದ ಹಿಡಿಯಬೇಕು.

ಅಷ್ಟಕ್ಕೆ ಒಂದೆರಡು ಮೀಟರ್ ಹತ್ತಿರಕ್ಕೆ ಬರುತ್ತೀರಿ. ಉಳಿದದ್ದನ್ನು ಕಟ್ಟಡಗಳ ಅಂಚು ಹೇಳಬೇಕು. ಹತ್ತಿರದ ಒಂದು ಅಂಚು, ದೂರದ ಒಂದು ಅಂಚು, ಇಂಥ ಎರಡು ಜೊತೆಯಾದರೂ ಬೇಕು. ಒಂದು ಪ್ರಯೋಗಚಿತ್ರ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿ. ಹತ್ತಿರದ ವಸ್ತು ಹಿನ್ನೆಲೆಯ ಮೇಲೆ ಎಡಕ್ಕೆ ಜರುಗಿದ್ದರೆ ನೀವೂ ಎಡಕ್ಕೆ ಜರುಗಿ. ಹತ್ತಿರದ್ದಕ್ಕೆ ಹೋಲಿಸಿದರೆ ದೂರದ್ದು ದೊಡ್ಡದಾಗಿ ಕಂಡರೆ ಹಿಂದೆ ನಿಂತಿದ್ದೀರಿ, ಮುಂದೆ ಬನ್ನಿ.

ದೂರದ ಗುರುತಾಗಿ ಪೂರ್ವ ಬರ್ಲಿನ್ನಿನ ಟಿವಿ ಗೋಪುರ ಬಹಳ ಅನುಕೂಲ. ಆದರೆ ಅದರ ತುದಿಯಿಂದ ಅಳೆಯಬೇಡಿ: 1990ರ ದಶಕದಲ್ಲಿ ಆಂಟೆನಾ ಬದಲಾಗಿ ಎತ್ತರ 365ರಿಂದ 368 ಮೀಟರ್ ಆಯಿತು. ಗೋಳ ಬದಲಾಗಿಲ್ಲ, ಅದನ್ನು ಹಿಡಿಯಿರಿ. ತೀರಾ ಕಷ್ಟದ ಜಾಗ ಪಾಟ್ಸ್‌ಡಾಮರ್ ಪ್ಲಾಟ್ಸ್ ಎಂಬ ಚೌಕ. ಅಲ್ಲಿ ಬಯಲಿನ ನಡುವೆ ಒಂಟಿಯಾಗಿ ಕಾಣುತ್ತಿದ್ದ 1912ರ ವೈನ್‌ಹೌಸ್ ಹುತ್ ಕಟ್ಟಡ ಈಗ ಹೊಸ ಕಟ್ಟಡಗಳ ಸಾಲಿನಲ್ಲಿ ಸೇರಿಹೋಗಿದೆ, ಎರಡನೇ ಗುರುತು ಸಿಗುವುದೇ ಅಪರೂಪ. ಸಾಲದ್ದಕ್ಕೆ ಅಲ್ಲಿನ ಹಳೆಯ ಚಿತ್ರಗಳಲ್ಲಿ ಎಷ್ಟೋ, ಪಶ್ಚಿಮದ ಕಡೆ ಗೋಡೆಯಾಚೆ ನೋಡಲೆಂದೇ ಕಟ್ಟಿದ್ದ ಮರದ ಅಟ್ಟಣೆ ಮೇಲಿನಿಂದ ತೆಗೆದವು. ಚಿತ್ರದಲ್ಲಿ ಗೋಡೆಯ ಮೇಲಂಚಿನಾಚೆ ನೆಲ ಕಾಣುತ್ತಿದ್ದರೆ ಟ್ರೈಪಾಡ್ ಸಾಲದು. ಉದ್ದ ಕೋಲಿಗೆ ಕ್ಯಾಮೆರಾ ಸಿಕ್ಕಿಸಿ 4 ಮೀಟರಿಗಾದರೂ ಏರಿಸಬೇಕು.

ಎಷ್ಟೋ ಜೋಡಿಗಳು ಕೆಡುವುದು ನೆರಳಿನಲ್ಲಿ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿ ಎರಡೂ ಜರ್ಮನಿಗಳಿಗೆ ಮರಳಿ ಬಂದದ್ದು 1980ರಲ್ಲಿ. ಹಾಗಾಗಿ 1975ರ ಜುಲೈನಲ್ಲಿ ಮಧ್ಯಾಹ್ನ 3ಕ್ಕೆ ತೆಗೆದದ್ದನ್ನು ಇವತ್ತು 4ಕ್ಕೆ ತೆಗೆಯಬೇಕು. ಮರಗಳೂ ಅಡ್ಡ ಬರುತ್ತವೆ. ಗೋಡೆಯ ಪಟ್ಟಿಯಲ್ಲಿ ಈಗ ಬೆಳೆದು ನಿಂತ ಮರಗಳ ಎಲೆ ಅಂಚುಗಳನ್ನೆಲ್ಲ ಮುಚ್ಚುತ್ತದೆ. ಇದಕ್ಕೆ ನನ್ನ ಉಪಾಯ: ಅಕ್ಟೋಬರ್ 1ರ ಚಿತ್ರವಾದರೆ ಚಿಗುರೊಡೆಯುವ ಮುಂಚೆ, ಮಾರ್ಚ್ 12ರ ಸುಮಾರಿಗೆ ಹೋಗುವುದು. ಸೂರ್ಯ ಅದೇ ಎತ್ತರದ ದಾರಿಯಲ್ಲೇ ಇರುತ್ತಾನೆ, ಆದರೆ ಗಡಿಯಾರದಲ್ಲಿ ಸುಮಾರು 20 ನಿಮಿಷ ತಡ. 1980ರ ದಶಕದಲ್ಲಿ ಬೇಸಿಗೆ ಸಮಯ ಸೆಪ್ಟೆಂಬರಿಗೇ ಮುಗಿಯುತ್ತಿತ್ತು, ಆದ್ದರಿಂದ ಅದನ್ನು ಇಲ್ಲಿ ಮತ್ತೆ ಕೂಡಿಸಬೇಡಿ.

ಗೋಡೆ ಹಾದುಹೋಗಿದ್ದ ಬೆರ್ನಾವರ್ ಸ್ಟ್ರಾಸೆ ಎಂಬ ರಸ್ತೆಯಲ್ಲಿ ಪಶ್ಚಿಮ ಬರ್ಲಿನ್ನಿನ ಕಡೆಯಿಂದ ಪೂರ್ವ ಬರ್ಲಿನ್ನಿನ ಕಡೆ ನೋಡಿದರೆ ಕ್ಯಾಮೆರಾ ಆಗ್ನೇಯಕ್ಕೆ ತಿರುಗಿರುತ್ತದೆ, ಬೆಳಗ್ಗೆ ಬಿಸಿಲು ನೇರ ಲೆನ್ಸಿಗೆ ಹೊಡೆಯುತ್ತದೆ. ಹಳೆಯ ಚಿತ್ರದ ನೆರಳು ಬೇರೇನೂ ಹೇಳದಿದ್ದರೆ ಸಂಜೆ ಹೋಗಿ. ಅಲ್ಲಿನ ಸಮನ್ವಯ ಚರ್ಚನ್ನು ಪೂರ್ವ ಜರ್ಮನಿ 1985ರ ಜನವರಿಯಲ್ಲಿ ಸಿಡಿಸಿ ಕೆಡವಿತು. 2000ದಲ್ಲಿ ಅದೇ ನೆಲದ ಮೇಲೆ ಎದ್ದ ಪುಟ್ಟ ಪ್ರಾರ್ಥನಾಮಂದಿರ ಚೌಕಟ್ಟಿನ ಕೆಳಗೇ ಉಳಿಯುತ್ತದೆ. ಗೋಪುರವಿದ್ದ ಕಡೆ ಬರೀ ಆಕಾಶ ಎಂದು ಮೇಲ್ಭಾಗ ಕತ್ತರಿಸಬೇಡಿ. ಆ ಖಾಲಿ ಜಾಗವೇ ಚಿತ್ರದ ವಿಷಯ.

ಪೂರ್ವ ಜರ್ಮನಿಯಲ್ಲಿ ಗಡಿಯ ಫೋಟೋ ತೆಗೆಯುವುದು ನಿಷಿದ್ಧವಾಗಿತ್ತು. ಅದರಿಂದ ಸುಲಭವಾಗಿ ಸಿಗುವ ಹಳೆಯ ಚಿತ್ರಗಳೆಲ್ಲ ಹೆಚ್ಚುಕಡಿಮೆ ಪಶ್ಚಿಮದ ಕಣ್ಣಿನವೇ. ಹಾಗಾಗಿ ಜೋಡಿ ಮುಗಿದ ಮೇಲೆ ಕಲ್ಲುಸಾಲು ದಾಟಿ, ಪೂರ್ವದ ಕಡೆಯಿಂದ ಅಷ್ಟೇ ದೂರದಲ್ಲಿ ನಿಂತು ತಿರುಗಿ ಪಶ್ಚಿಮಕ್ಕೆ ಒಂದು ಚಿತ್ರ ತೆಗೆದಿಡುತ್ತೇನೆ. ಅದಕ್ಕೆ ಹಳೆಯ ಜೊತೆ ಇರುವುದಿಲ್ಲ. ಎಡಗಡೆಯ ಚೌಕಟ್ಟನ್ನು ಖಾಲಿಯಾಗಿಯೇ ಮುದ್ರಿಸುತ್ತೇನೆ.