ಮಳೆಗಾಲದಲ್ಲೇ ಗುಂಡಿ ಮುಚ್ಚಿದ್ದು: ಎಮಲ್ಷನ್ ಪ್ಯಾಚ್ ಮಲೆನಾಡಲ್ಲಿ ನಿಂತ ಬಗೆ

ಆಷಾಢದಲ್ಲಿ ಡಾಂಬರು ಕೆಲಸ ಅಂದಾಗ ತೀರ್ಥಹಳ್ಳಿ ಕಡೆಯ ಗುತ್ತಿಗೆದಾರರು ನಕ್ಕಿದ್ದರು. ನಗಲು ಕಾರಣವೂ ಇತ್ತು. ಜೂನ್ ಬಂತೆಂದರೆ ಜಲ್ಲಿ-ಡಾಂಬರು ಕಾಯಿಸಿ ಕಲಸುವ ಹಾಟ್‌ಮಿಕ್ಸ್ ಪ್ಲಾಂಟು ಬಂದ್. ಆಮೇಲೆ ದಸರಾ ಕಳೆಯುವವರೆಗೆ ಗುಂಡಿಗೆ ಮಣ್ಣು-ಜಲ್ಲಿ ಸುರಿಯುವುದು, ನಾಲ್ಕು ಬಸ್ಸು ಹೋದ ಮೇಲೆ ಕೆಂಪು ರಾಡಿ ನೋಡುವುದು, ಮತ್ತೆ ಸುರಿಯುವುದು. ಆಗುಂಬೆ ಕಡೆಯ ಒಂದು ಒಳರಸ್ತೆಯಲ್ಲಿ ನಾವು ಎಮಲ್ಷನ್ (ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ, ಕಾಯಿಸದೆ ಕಲಸುವ ಡಾಂಬರು) ಹಾಕಿ ಮುಚ್ಚಿದ ಗುಂಡಿಗಳಲ್ಲಿ ಹತ್ತಕ್ಕೆ ಎಂಟು ಎರಡು ಮಳೆಗಾಲ ದಾಟಿವೆ. ನಕ್ಕವರಲ್ಲಿ ಇಬ್ಬರು ಈಗ ಮಿಕ್ಸಿನ ಲೆಕ್ಕ ಕೇಳುತ್ತಿದ್ದಾರೆ. ಅರ್ಧ ಶ್ರೇಯಸ್ಸು ಎಮಲ್ಷನ್ನಿಗೆ, ಉಳಿದರ್ಧ ಗುಂಡಿಯ ತಳದ ನೀರಿಗೆ ದಾರಿ ಬಿಟ್ಟದ್ದಕ್ಕೆ.

ಮೊದಲು ಹಾಳಾದದ್ದನ್ನು ಹೇಳುತ್ತೇನೆ, ದುಡ್ಡು ಹೋದದ್ದೆಲ್ಲ ಅಲ್ಲೇ. ಆ ಮಿಕ್ಸ್ ಹೀಗಿತ್ತು: ನಿಧಾನಕ್ಕೆ ಗಟ್ಟಿಯಾಗುವ ಎಸ್‌ಎಸ್-2 ದರ್ಜೆಯ ಎಮಲ್ಷನ್ ನೂರು ಕೆಜಿ ಜಲ್ಲಿಗೆ ಎಂಟೂವರೆ-ಒಂಬತ್ತು ಕೆಜಿ; ಜಲ್ಲಿಯಲ್ಲಿ 12 ಎಂಎಂ, 6 ಎಂಎಂ, ಮೂರನೇ ಒಂದು ಪಾಲು ಕ್ರಷರ್ ಡಸ್ಟ್ (ಕಲ್ಲುಪುಡಿ). ಶಿಕಾರಿಪುರದ ಬಯಲಲ್ಲಿ ಬೇಸಿಗೆಯಲ್ಲಿ ಹಾಕಿದರೆ ಈ ಮಿಕ್ಸ್ ಚೆನ್ನಾಗಿಯೇ ಕೂರುತ್ತದೆ. ಇಲ್ಲಿಯ ಥಂಡಿಗೆ ಡಸ್ಟ್ ಹಿಡಿದ ನೀರು ಹೊರಗೇ ಬರುವುದಿಲ್ಲ. ಮೇಲೆ ಕಪ್ಪು ಚರ್ಮ ಕಟ್ಟುತ್ತದೆ, ಹಾರೆ ಹಾಕಿ ಎತ್ತಿದರೆ ಒಳಗಿನ್ನೂ ಕಂದು, ಅಂದರೆ ಡಾಂಬರು ನೀರಿನಿಂದ ಬೇರೆಯಾಗಿಲ್ಲ. ಬಸ್ಸಿನ ಚಕ್ರ ಅದನ್ನು ಇಳಿಜಾರಿಗೆ ದಬ್ಬಿ ಗೆಡ್ಡೆ ಮಾಡಿಬಿಡುತ್ತದೆ. ಇನ್ನೂರು ಕೆಜಿ ಬ್ಯಾರಲ್ಲಿಗೆ ಹತ್ತು ಸಾವಿರದ ಆಸುಪಾಸು; ಹಾಗೆ ಎರಡು ಬ್ಯಾರಲ್ ಚರಂಡಿ ಪಾಲು. ರೆಡಿಮೇಡ್ ಚೀಲದ ಮಾಲು ಕೆಟ್ಟದ್ದಲ್ಲ, ಆದರೆ ನಾವೇ ಕಲಸಿದ್ದಕ್ಕಿಂತ ಮೂರು ಪಟ್ಟು ದುಬಾರಿ. ಅವಸರದ ಒಂದೆರಡು ಗುಂಡಿಗೆ ಸರಿ, ರಸ್ತೆಗೆ ರಸ್ತೆಯೇ ಮುಚ್ಚಲು ಆಗದು.

ನಿಂತದ್ದು ಮಧ್ಯಮ ವೇಗದಲ್ಲಿ ಗಟ್ಟಿಯಾಗುವ ಎಂಎಸ್ ದರ್ಜೆಯ ಎಮಲ್ಷನ್, ಡಸ್ಟ್ ಇಲ್ಲದ ಜಲ್ಲಿ. 12 ಎಂಎಂ ಎರಡು ಪಾಲು, 6 ಎಂಎಂ ಒಂದು ಪಾಲು, ನೂರು ಕೆಜಿ ಜಲ್ಲಿಗೆ ಎಮಲ್ಷನ್ ಆರೂವರೆ-ಏಳು ಕೆಜಿ, ಸಿಮೆಂಟ್ ಒಂದು ಕೆಜಿ. ಸಿಮೆಂಟಿನ ಜೊತೆ ಇನ್ನೊಂದು ಪುಡಿಯೂ ಹೋಗುತ್ತದೆ. ಅದನ್ನು ಸದ್ಯಕ್ಕೆ ಬರೆಯುವುದಿಲ್ಲ. ಜಲ್ಲಿ ತೊಳೆದೇ ಹಾಕಬೇಕು. ಧೂಳು ಉಳಿದರೆ ಎಂಎಸ್ ಮಿಕ್ಸರಿನೊಳಗೇ ಬ್ರೇಕ್ ಆಗಿ (ಡಾಂಬರು ನೀರಿನಿಂದ ಬೇರೆಯಾಗಿ) ಉಂಡೆ ಕಟ್ಟುತ್ತದೆ. ಬಿಸಿಲಲ್ಲಾದರೆ ಕಲಸುವ ಮುಂಚೆ ಜಲ್ಲಿಗೆ ಎರಡು ಲೀಟರ್ ನೀರು ಬೇಕು, ಮಳೆಗಾಲದಲ್ಲಿ ರಾಶಿಯೇ ಒದ್ದೆ, ಹನಿಯೂ ಬೇಡ. ಮಿಕ್ಸರ್ ಒಂದು ನಿಮಿಷ ತಿರುಗಿದರೆ ಸಾಕು. ಹೆಚ್ಚು ತಿರುಗಿಸಿದರೆ ಹತ್ತಿದ ಎಮಲ್ಷನ್ ಮತ್ತೆ ಕಳಚಿಕೊಳ್ಳುತ್ತದೆ. ಬ್ಯಾರಲ್ ತಿಂಗಳುಗಟ್ಟಲೆ ನಿಂತಿದ್ದರೆ ತೆರೆಯುವ ಮುಂಚೆ ಅಡ್ಡ ಮಲಗಿಸಿ ಹತ್ತಿಪ್ಪತ್ತು ಸಲ ಉರುಳಿಸಿ, ತಳದಲ್ಲಿ ಗಟ್ಟಿ ಕೂತಿರುತ್ತದೆ.

ಕ್ರಷರ್ ಬದಲಾದಾಗಲೆಲ್ಲ ಒಂದು ಹಿಡಿ ಜಲ್ಲಿಗೆ ಎಮಲ್ಷನ್ ಹಚ್ಚಿ, ಕಪ್ಪಾದ ಮೇಲೆ ಗಾಜಿನ ಬಾಟಲಿ ನೀರಿನಲ್ಲಿ ರಾತ್ರಿ ಇಡುತ್ತೇವೆ. ಬೆಳಿಗ್ಗೆ ಕಲ್ಲಿನ ಬಿಳಿ ಕಂಡರೆ ಆ ಲೋಡು ವಾಪಸ್.

ಗುಂಡಿಯ ಸುತ್ತ ಹಾರೆಯಲ್ಲಿ ಕುಟ್ಟಿ ನೋಡಿ. ಖಣ್ ಅಂದರೆ ಗಟ್ಟಿ, ಡಬ್ ಅಂದರೆ ಅಲ್ಲಿಯವರೆಗೂ ಕತ್ತರಿಸಬೇಕು, ಆಮೇಲೆ ಇನ್ನೊಂದು ಗೇಣು. ಅಂಚು ನೇರ, ಮೂಲೆ ಚೌಕ. ಈಗ ಮುಖ್ಯ ಕೆಲಸ: ಗುಂಡಿಯ ತಗ್ಗು ಮೂಲೆಯಿಂದ ರಸ್ತೆಯ ಅಂಚಿನಾಚೆಗೆ ಗೇಣಗಲದ ಕಾಲುವೆ, ಗುಂಡಿಯ ತಳಕ್ಕಿಂತ ಎರಡಿಂಚು ಆಳ, ಧರೆಯ (ರಸ್ತೆಗಾಗಿ ಕಡಿದ ಗುಡ್ಡದ ಬದಿಯ) ಎದುರು ಬದಿಗೆ ಇಳಿಜಾರು. ಅದಕ್ಕೆ ಡಸ್ಟ್ ಇಲ್ಲದ 20 ಎಂಎಂ ಜಲ್ಲಿ ತುಂಬಿ ಮೇಲೆ ಅದೇ ಮಿಕ್ಸ್. ಧರೆಯಿಂದ ಬಸಿದು ಬರುವ ನೀರು ಪ್ಯಾಚಿನ ಅಡಿಯಲ್ಲಿ ನಿಲ್ಲದೆ ಹೊರಗೆ ಹೋಗುತ್ತದೆ. ಹಳೆಯ ಪ್ಯಾಚುಗಳು ಎದ್ದದ್ದು ಮೇಲಿನ ಮಳೆಗಲ್ಲ, ಈ ಕೆಳಗಿನ ನೀರಿಗೆ. ಒಂದು ಕಾಲುವೆಗೆ ಇಬ್ಬರಿಗೆ ಅರ್ಧ ದಿನದ ಕೂಲಿ; ಉಳಿಸಲು ಹೋದವರು ಮುಂದಿನ ಶ್ರಾವಣಕ್ಕೆ ಅಲ್ಲೇ ಬಂದು ನಿಲ್ಲುತ್ತಾರೆ.

ನಿಂತ ನೀರನ್ನು ಗೋಣಿಚೀಲದಲ್ಲಿ ಹೀರಿ ತೆಗೆದು, ಬೇಗ ಗಟ್ಟಿಯಾಗುವ ಎಮಲ್ಷನ್ ಆರ್‌ಎಸ್-1 ಅನ್ನು ಬ್ರಷ್ಷಿನಲ್ಲಿ, ತಳಕ್ಕಿಂತ ಅಂಚಿಗೆ ಗಮನ ಕೊಟ್ಟು ಬಳಿಯಿರಿ. ತಳ ತೇವ ಇದ್ದರೆ ಅಡ್ಡಿಯಿಲ್ಲ. ಮಿಕ್ಸ್ ಐದು ಸೆಂಟಿಮೀಟರಿನ ಪದರದಲ್ಲಿ ತುಂಬಿ, ಕೊನೆಯ ಪದರ ರಸ್ತೆಗಿಂತ ಒಂದು-ಒಂದೂವರೆ ಸೆಂಟಿಮೀಟರ್ ಎತ್ತರ ಇರಲಿ. ಮೇಲೆ ಬಿದಿರು ಕಟ್ಟಿ ಟಾರ್ಪಾಲು, ಮಿಕ್ಸಿಗೆ ತಾಗದಂತೆ. ಒಂದು ಹಿಡಿ ಎತ್ತಿ ಹಿಂಡಿ: ಕಾಫಿ ಬಣ್ಣದ ನೀರು ಬಂದರೆ ಕಾಯಿರಿ, ತಿಳಿ ನೀರು ಬಂದರೆ ಬ್ರೇಕ್ ಆಯಿತು. ಆಗ ಪ್ಲೇಟ್ ಕಾಂಪ್ಯಾಕ್ಟರ್ (ಅದುರುತ್ತಾ ಒತ್ತುವ ಯಂತ್ರ) ಬಿಡಬೇಕು. ಮೊದಲೇ ಬಿಟ್ಟರೆ ಎಮಲ್ಷನ್ ಮೇಲಕ್ಕೆ ಉಕ್ಕುತ್ತದೆ, ತಡವಾದರೆ ಜಲ್ಲಿ ಒಂದಕ್ಕೊಂದು ಹಿಡಿಯುವುದಿಲ್ಲ. ಥಂಡಿ ದಿನ ಈ ಕಾಯುವಿಕೆ ಗಂಟೆ ದಾಟುತ್ತದೆ. ಅಷ್ಟರಲ್ಲಿ ಮುಂದಿನ ಗುಂಡಿ ಕತ್ತರಿಸಬಹುದು.

ಇದು ಸಂದಿಯುಳ್ಳ ಮಿಕ್ಸ್, ಹಾಗಾಗಿ ನೀರು ಇಳಿಯದಂತೆ ಮೇಲೊಂದು ಸೀಲ್ ಕಡ್ಡಾಯ. ಚದರ ಮೀಟರಿಗೆ ಒಂದು ಕೆಜಿಯ ಒಳಗೆ ಆರ್‌ಎಸ್-1, ಮೇಲೆ ಒರಟು ಡಸ್ಟ್ ಎರಚಿ ಮತ್ತೊಮ್ಮೆ ಪ್ಲೇಟ್.

ಸೀಲ್ ಹೊಡೆಯಲು ಅಡಿಕೆಗೆ ಬೋರ್ಡೋ ಹೊಡೆಯುವ ಪಂಪನ್ನೂ ನೋಡಿದೆವು. ಮೊದಲ ಹತ್ತು ನಿಮಿಷ ಸೊಗಸು, ಆಮೇಲೆ ನಾಝಲ್ ಕಟ್ಟಿತು. ಎಮಲ್ಷನ್ ಒಳಗೇ ಬ್ರೇಕ್ ಆಗುವ ಮುಂಚೆ ನೀರು ಬಿಟ್ಟು ತೊಳೆದರೆ ಪಂಪು ಉಳಿಯುತ್ತದೆ, ಇಲ್ಲವಾದರೆ ಡೀಸೆಲ್ಲೇ ಗತಿ. ತೋಟದವರ ಪಂಪು ಕೇಳಬೇಡಿ, ಕೊಳೆ ಔಷಧಿಯ ಹೊತ್ತಲ್ಲಿ ಜಗಳ ಖಾತ್ರಿ. ಪ್ಲಾಸ್ಟಿಕ್ ಚೂರು ಹಾಕುವ ಪದ್ಧತಿ ಬಿಸಿ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಕರಗಿ ಹಿಡಿಯುವುದನ್ನು ನಂಬಿದ್ದು, ತಣ್ಣನೆ ಮಿಕ್ಸಿಗೆ ಬರೀ ಕಸ.

ಲೆಕ್ಕ ಹೀಗೆ. ಒಂದು ಮೀಟರ್ ಚೌಕ, ಏಳು ಸೆಂಟಿಮೀಟರ್ ಆಳಕ್ಕೆ ಸುಮಾರು 140 ಕೆಜಿ ಮಿಕ್ಸ್. ಸಾಮಾನಿಗೆ ಏಳುನೂರು ರೂಪಾಯಿ, ಕೂಲಿ-ಬಾಡಿಗೆ-ಸೀಲ್ ಸೇರಿ ಸಾವಿರದ ಐನೂರರ ಸುತ್ತ, ಕಾಲುವೆ ಬೇರೆ. ಬಿಲ್ಲಿನ ಹೊತ್ತಿಗೆ ಎಂಜಿನಿಯರು ‘ಇದಕ್ಕೆ ಆಧಾರ ಏನು’ ಅಂದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ ಎಸ್‌ಪಿ 100 ತೋರಿಸಿ, ಎಮಲ್ಷನ್ ತಣ್ಣನೆ ಮಿಕ್ಸಿಗೇ ಬಂದ ಪುಸ್ತಕ ಅದು. ಕಾಲುವೆ ಕೆಲಸವನ್ನು ಎಸ್ಟಿಮೇಟಿನಲ್ಲಿ ಬೇರೆ ಐಟಂ ಆಗಿ ಮೊದಲೇ ಬರೆಸಿಕೊಳ್ಳಿ, ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಹತ್ತರಲ್ಲಿ ಕಿತ್ತುಹೋದ ಎರಡು ಪಾಲು ಎಲ್ಲಿಯದೆಂದರೆ, ಘಾಟಿಯ ಹಿಮ್ಮುರಿ ತಿರುವಿನದ್ದು ಮತ್ತು ಒರತೆ ನೇರ ರಸ್ತೆಯಡಿಯಿಂದ ಏಳುವ ಜಾಗದ್ದು. ತಿರುವಿನಲ್ಲಿ ಲೋಡ್ ಲಾರಿಯ ಚಕ್ರ ನಿಂತಲ್ಲೇ ತಿರುಚುತ್ತದೆ, ಹೊಸ ಪ್ಯಾಚಿಗೆ ಅದನ್ನು ತಡೆಯುವ ಶಕ್ತಿ ಬರಲು ವಾರಗಳು ಬೇಕು. ಅಲ್ಲಿ ಈಗ ಕಾಂಕ್ರೀಟ್. ಒರತೆಯ ಜಾಗದಲ್ಲಿ 40 ಎಂಎಂ ಜಲ್ಲಿ ತುಂಬಿ ಮಳೆಗಾಲ ಮುಗಿಯುವವರೆಗೆ ಹಾಗೇ ಬಿಡುತ್ತೇವೆ, ನವೆಂಬರಿನಲ್ಲಿ ಅಡಿಯಲ್ಲಿ ಪೈಪು ಹಾಯಿಸಿ ಆಮೇಲೆ ಡಾಂಬರು.