ವಿಜ್ಞಾನ ಹೇಳುವವರನ್ನು ನಂಬುವ ಮುನ್ನ ಅವರ ಹಳೇ ವಿಡಿಯೋ ನೋಡಿ

ಒಂಚೂರೂ ಪಕ್ಷಪಾತವಿಲ್ಲದ ವಿಜ್ಞಾನ ಚಾನೆಲ್ ಬೇಕೆಂದು ಹುಡುಕಿದರೆ ಸಿಗುವುದಿಲ್ಲ. ಒಲವು ಎಲ್ಲರಿಗೂ ಇರುತ್ತದೆ. ತಾನು ಹೇಳಿದ್ದನ್ನು ನಾವೇ ಪರೀಕ್ಷಿಸಿ ನೋಡಲು ದಾರಿ ಬಿಟ್ಟಿರುವವರು ಸಿಕ್ಕರೆ ಸಾಕು. ಅಂಥವರನ್ನು ಗುರುತಿಸುವುದು ಕಷ್ಟವೇನಲ್ಲ.

1. ಕೊನೆ ಗೊತ್ತಿರುವ ಸುದ್ದಿಯಿಂದ ಶುರು ಮಾಡಿ

ನಿನ್ನೆ ಬಂದ ವಿಡಿಯೋ ನೋಡಿ ಯಾರನ್ನೂ ಅಳೆಯಲಾಗದು. ಅದು ಸರಿಯೋ ತಪ್ಪೋ ನಮಗಿನ್ನೂ ಗೊತ್ತಿಲ್ಲ, ಅಲ್ವಾ? ಆದ್ದರಿಂದ ಈಗಾಗಲೇ ಇತ್ಯರ್ಥವಾಗಿರುವ ಒಂದು ಸುದ್ದಿಯನ್ನು ಆರಿಸಿಕೊಳ್ಳಿ.

ನನ್ನ ಆಯ್ಕೆ ಎಲ್‌ಕೆ-99. ಸಾಮಾನ್ಯ ಉಷ್ಣತೆಯಲ್ಲೇ ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಸುವ ವಸ್ತು, ಅಂದರೆ ಸೂಪರ್‌ಕಂಡಕ್ಟರ್, ಸಿಕ್ಕಿದೆ ಎಂದು ದಕ್ಷಿಣ ಕೊರಿಯಾದ ಸಂಶೋಧಕರು 2023ರ ಜುಲೈನಲ್ಲಿ, ಬೇರೆ ವಿಜ್ಞಾನಿಗಳು ಪರಿಶೀಲಿಸುವ ಮುನ್ನವೇ ಪ್ರಬಂಧ ಹಂಚಿಕೊಳ್ಳುವ ಆರ್ಕೈವ್ ತಾಣಕ್ಕೆ ಪ್ರಬಂಧ ಹಾಕಿದರು. ಆಯಸ್ಕಾಂತದ ಮೇಲೆ ಅರ್ಧಂಬರ್ಧ ತೇಲುವ ಚೂರಿನ ವಿಡಿಯೋ ಎಲ್ಲೆಡೆ ಹರಿದಾಡಿತು. ಆಗಸ್ಟ್ ಮಧ್ಯದ ಹೊತ್ತಿಗೆ ಕಥೆಯೇ ಬೇರೆಯಾಗಿತ್ತು. ವಿದ್ಯುತ್ ತಡೆ ದಿಢೀರನೆ ಇಳಿದಂತೆ ಕಂಡದ್ದು ಒಳಗೆ ಬೆರೆತಿದ್ದ ತಾಮ್ರದ ಸಲ್ಫೈಡ್‌ನಿಂದ. ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಆ ಕಲ್ಮಶವಿಲ್ಲದ ಹರಳು ಬೆಳೆಸಿ ನೋಡಿದರೆ, ಅದು ವಿದ್ಯುತ್ತನ್ನೇ ಬಿಟ್ಟುಕೊಡದ ಅವಾಹಕ!

ಈಗ ನಿಮ್ಮ ಚಾನೆಲ್‌ಗೆ ಹೋಗಿ ಆ ಹೆಸರು ಹಾಕಿ ಹುಡುಕಿ. ಜುಲೈ ಕೊನೆಯಲ್ಲಿ ಅವರು ಏನು ಹೇಳಿದ್ದರು? "ಈ ಪ್ರಬಂಧವನ್ನು ಬೇರೆ ವಿಜ್ಞಾನಿಗಳು ಇನ್ನೂ ಪರಿಶೀಲಿಸಿಲ್ಲ, ಬೇರೆ ಲ್ಯಾಬ್‌ಗಳೂ ಮಾಡಿ ನೋಡಲಿ" ಎಂದಿದ್ದರೆ ಒಳ್ಳೆಯ ಲಕ್ಷಣ. ಅದರ ಜೊತೆಗೆ ಖುಷಿಪಟ್ಟು ಕುಣಿದಿದ್ದರೂ ತಪ್ಪಿಲ್ಲ. "ಜಗತ್ತೇ ಬದಲಾಯಿತು" ಎಂದು ಸಾರಿ, ಆಗಸ್ಟ್‌ನಲ್ಲಿ ತುಟಿಪಿಟಕ್ಕೆನ್ನದವರನ್ನು ಮಾತ್ರ ನಾನು ಪಟ್ಟಿಯಿಂದ ತೆಗೆಯುತ್ತೇನೆ. ಆರೋಗ್ಯ, ಖಗೋಳ, ಮೊಬೈಲ್ ಹೀಗೆ ಅವರು ಯಾವ ವಿಷಯ ಹೇಳುತ್ತಾರೋ ಅದರಲ್ಲೇ ಇಂಥದ್ದೊಂದು ಹಳೇ ಸುದ್ದಿ ಸಿಗುತ್ತದೆ.

2. ಶೇಕಡಾವಾರು ಬಂದ ಕಡೆ ನಿಲ್ಲಿಸಿ

ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ (ಸಾಸೇಜ್, ಬೇಕನ್‌ನಂಥದ್ದು) ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿತು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಒಳ್ಳೆಯ ಸಂವಹನಕಾರರು ಇಲ್ಲಿ "ಯಾವುದಕ್ಕಿಂತ ಜಾಸ್ತಿ?" ಎಂದು ಕೇಳಿಯೇ ಮುಂದೆ ಹೋಗುತ್ತಾರೆ. ನೂರು ಜನರಲ್ಲಿ ಐದು ಮಂದಿಗೆ ಬರುವ ಕಾಯಿಲೆ ಎಂದುಕೊಳ್ಳಿ. ಶೇ 18 ಹೆಚ್ಚಿದರೆ ಅದು ಹೆಚ್ಚುಕಮ್ಮಿ ಆರಾಗುತ್ತದೆ. ಅಪಾಯ ನಿಜ, ಅದರ ಗಾತ್ರ ಮಾತ್ರ ಈಗ ಸರಿಯಾಗಿ ಕಾಣುತ್ತದೆ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ತಂಬಾಕಿನ ಗುಂಪಿಗೇ ಈ ಮಾಂಸವನ್ನೂ ಸೇರಿಸಿದ್ದರು. ಆ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆಯೇ ಹೊರತು ಎರಡರ ಅಪಾಯವೂ ಒಂದೇ ಎಂದಲ್ಲ. ಇದನ್ನು ಬಿಡಿಸಿ ಹೇಳಿದವರು ಸಿಕ್ಕರೆ ಬಿಡಬೇಡಿ.

3. ತಪ್ಪಾದಾಗ ಏನು ಮಾಡಿದರು?

ಕುರ್ಟ್ಸ್‌ಗೆಸಾಕ್ಟ್ ಎಂಬ ಜರ್ಮನ್ ಚಾನೆಲ್ 2019ರಲ್ಲಿ ತನ್ನ ಎರಡು ಹಳೇ ವಿಡಿಯೋಗಳನ್ನು ತೆಗೆದುಹಾಕಿ, ಏಕೆ ತೆಗೆದೆವು ಎಂದು ಇನ್ನೊಂದು ವಿಡಿಯೋದಲ್ಲೇ ಹೇಳಿತು. ಸದ್ದಿಲ್ಲದೆ ಅಳಿಸುವುದಕ್ಕೂ ಇದಕ್ಕೂ ಅಜಗಜಾಂತರ. ವಿವರಣೆ ಪೆಟ್ಟಿಗೆಯಲ್ಲಿ, ಮೊದಲ ಕಾಮೆಂಟ್‌ನಲ್ಲಿ "ತಿದ್ದುಪಡಿ" ಇದೆಯೇ ನೋಡಿ. ವರ್ಷಗಟ್ಟಲೆ ಒಂದೂ ತಿದ್ದುಪಡಿ ಇಲ್ಲದಿದ್ದರೆ ನನಗಂತೂ ಅನುಮಾನ ಬರುತ್ತದೆ.

4. ದುಡ್ಡು ಎಲ್ಲಿಂದ?

ಪ್ರಾಯೋಜಕರು ಇದ್ದ ಮಾತ್ರಕ್ಕೆ ದೂರ ಇಡಬೇಕಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕು, ಅಷ್ಟೇ. ಫೋನ್, ಲ್ಯಾಪ್‌ಟಾಪ್ ವಿಮರ್ಶೆಯಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಿ: ಕೊಂಡಿದ್ದೋ ಕಂಪನಿ ಕಳಿಸಿದ್ದೋ? ಎಷ್ಟು ದಿನ ಬಳಸಿದರು? ಕೆಳಗಿನ ಲಿಂಕ್‌ನಿಂದ ಕೊಂಡರೆ ಅವರಿಗೆ ಕಮಿಷನ್ ಇದೆಯೇ?

5. ಚಾನೆಲ್‌ನಿಂದ ಹೊರಗೆ ಬನ್ನಿ

ಅವರ ಬಗ್ಗೆ ಅವರೇ ಬರೆದುಕೊಂಡದ್ದನ್ನು ಓದುತ್ತಾ ಕೂರಬೇಡಿ. ಹೊಸ ಟ್ಯಾಬ್ ತೆರೆದು, ಆ ಕ್ಷೇತ್ರದವರು ಏನನ್ನುತ್ತಾರೆ ನೋಡಿ. ಭೌತವಿಜ್ಞಾನದಲ್ಲಿ ಪಳಗಿದವರು ಔಷಧದ ಬಗ್ಗೆಯೂ ಅದೇ ಗತ್ತಿನಲ್ಲಿ ಮಾತಾಡುತ್ತಿದ್ದರೆ ಹುಷಾರು. ಅವರು ಕೊಟ್ಟ ಆಧಾರಗಳಲ್ಲಿ ಒಂದನ್ನು ತೆರೆದು, ಸಾರಾಂಶವನ್ನಾದರೂ ಓದಿ. ವಿಡಿಯೋದಲ್ಲಿ ಹೇಳಿದ ಮಾತು ಅಲ್ಲಿ ಇದೆಯೇ? ಇಲಿಗಳ ಮೇಲಿನ ಪ್ರಯೋಗ ಮನುಷ್ಯರದ್ದಾಗಿ ಬದಲಾಗಿರುವುದು ಹೆಚ್ಚಾಗಿ ಇಲ್ಲೇ ಕಣ್ಣಿಗೆ ಬೀಳುತ್ತದೆ.

ಇಷ್ಟರಲ್ಲಿ ಇಬ್ಬರು ಮೂವರು ಉಳಿದುಕೊಂಡರೆ, ತಮಗೆ ಗೊತ್ತಿಲ್ಲದ ವಿಷಯ ಬಂದಾಗ ಅವರು ಯಾರನ್ನು ಕರೆದು ಮಾತಾಡಿಸುತ್ತಾರೆ ಎಂದು ಗಮನಿಸಿ. ಮುಂದಿನ ಹೆಸರುಗಳನ್ನು ಅಲ್ಲಿಂದಲೇ ಬರೆದಿಟ್ಟುಕೊಳ್ಳಿ.