ಜಾವಾದಲ್ಲಿ ನಲ್ ಅನ್ನು ಎಲ್ಲಿ ಹಿಡಿಯಬೇಕು

ಜಾವಾಸ್ಕ್ರಿಪ್ಟ್ ಕಲಿತು ಜಾವಾಗೆ ಬಂದವರು ಮೊದಲು ಹುಡುಕುವುದು ‘ಇನ್ನೂ ಏನೂ ಹಾಕಿಲ್ಲ’ ಅನ್ನುವ ಅನ್‌ಡಿಫೈನ್ಡ್. ಅದು ಇಲ್ಲಿಲ್ಲ, ‘ಇಲ್ಲಿ ಏನೂ ಇಲ್ಲ’ ಅನ್ನುವ ನಲ್ ಒಂದೇ ಇರುವುದು. ಮೆಥಡ್ ಒಳಗಿನ ವೇರಿಯಬಲ್‌ಗೆ ಏನೂ ಹಾಕದೆ ಬಳಸಿದರೆ ಕಂಪೈಲರೇ ತಡೆಯುತ್ತದೆ. ಆದರೆ ಕ್ಲಾಸಿನ ಮಾಮೂಲಿ ಫೀಲ್ಡ್‌ಗೆ ಆ ಕಾವಲಿಲ್ಲ. ಇಂಟ್ ಆದರೆ 0, ಬೂಲಿಯನ್ ಆದರೆ ಫಾಲ್ಸ್, ಸ್ಟ್ರಿಂಗ್ ಆದರೆ ಸದ್ದಿಲ್ಲದೆ ನಲ್ ಬಂದು ಕೂತಿರುತ್ತದೆ.

ನನಗೆ ಜಾಸ್ತಿ ಕಾಟ ಕೊಟ್ಟಿದ್ದು ಅಂಗಡಿಯ ಸ್ಟಾಕ್ ಲೆಕ್ಕದ ಒಂದು ಪ್ರೋಗ್ರಾಂ. ಮ್ಯಾಪ್‌ನಲ್ಲಿ ಸಾಮಾನಿನ ಹೆಸರು ಕೀ, ಎಷ್ಟು ಉಳಿದಿದೆ ಅನ್ನೋದು ಇಂಟೀಜರ್ (ನಲ್ ಕೂಡ ಆಗಬಲ್ಲ ಇಂಟ್). ‘ರಾಗಿ’ ಅಂತ ಗೆಟ್ ಮಾಡಿ ಬಂದದ್ದನ್ನು ನೇರ ಇಂಟ್‌ಗೆ ಹಾಕಿಕೊಂಡಿದ್ದೆ. ನಲ್ ಅನ್ನು ಬಳಸಲು ಹೋದಾಗ ಬರುವ ಎರರ್, ನಲ್ ಪಾಯಿಂಟರ್ ಎಕ್ಸೆಪ್ಷನ್ ಬಂತು. ಮ್ಯಾಪ್ ನೋಡಿದರೆ ಸರಿಯಾಗಿಯೇ ಇದೆ, ಹಾಗಾದರೆ ನಲ್ ಎಲ್ಲಿಂದ ಬಂತು ಅಂತ ಅರ್ಧ ದಿನ ಹುಡುಕಿದೆ. ಆಗಿದ್ದು ಇಷ್ಟೇ: ಮ್ಯಾಪ್‌ನಲ್ಲಿ ರಾಗಿ ಇರಲಿಲ್ಲ, ಗೆಟ್ ನಲ್ ಕೊಟ್ಟಿತು, ಅದನ್ನು ಇಂಟ್ ಮಾಡಲು ಜಾವಾ ನಮಗೆ ಕಾಣದ ಹಾಗೆ ‘ಇಂಟ್‌ವ್ಯಾಲ್ಯೂ’ ಕರೆಯಿತು, ಅಲ್ಲೇ ಬಿತ್ತು. ಇಂಥ ಕಡೆ ‘ಗೆಟ್‌ಆರ್‌ಡೀಫಾಲ್ಟ್’ ಬಳಸಿ, ರಾಗಿ ಇಲ್ಲದಿದ್ದರೆ 0 ಅಂತ ಕೊಡಿ. ಒಂದು ಎಚ್ಚರ: ಹ್ಯಾಶ್‌ಮ್ಯಾಪ್‌ನಲ್ಲಿ ಕೀ ಇದ್ದು ಅದರ ವ್ಯಾಲ್ಯೂವೇ ನಲ್ ಆಗಿದ್ದರೆ ಇದೂ ನಲ್ಲೇ ಕೊಡುತ್ತದೆ, ಹಾಗಾಗಿ ನಲ್ ಅನ್ನು ಮ್ಯಾಪ್‌ಗೆ ಹಾಕಲೇಬೇಡಿ.

ಜಾವಾ 15ರಿಂದ ಏನು ನಲ್ ಆಗಿತ್ತು ಅನ್ನೋದು ಎರರ್ ಮೆಸೇಜ್‌ನಲ್ಲೇ ಬರುತ್ತದೆ. ಪೂರ್ತಿ ಓದಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಸುಮ್ನೆ ಎಲ್ಲ ಕಡೆ ‘ಇಫ್ ನಲ್’ ತುಂಬಬೇಡಿ, ಕೋಡ್ ಓದೋಕೇ ಆಗಲ್ಲ. ಫಾರ್ಮ್, ಡೇಟಾಬೇಸ್, ಬೇರೆಯವರ ಎಪಿಐ, ಹೀಗೆ ಡೇಟಾ ಒಳಗೆ ಬರುವ ಬಾಗಿಲಲ್ಲೇ ಪರೀಕ್ಷೆ ಮಾಡಿ. ಕನ್‌ಸ್ಟ್ರಕ್ಟರ್‌ನಲ್ಲಿ ‘ಆಬ್ಜೆಕ್ಟ್ಸ್.ರಿಕ್ವೈರ್‌ನಾನ್‌ನಲ್’ ಹಾಕಿದರೆ ನಲ್ ಒಳಗೆ ಬಂದ ಕ್ಷಣವೇ ಪ್ರೋಗ್ರಾಂ ನಿಲ್ಲುತ್ತದೆ, ಹತ್ತು ಮೆಥಡ್ ದಾಟಿದ ಮೇಲೆ ಬೀಳುವುದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ? ಲಿಸ್ಟ್ ಕೊಡುವ ಮೆಥಡ್ ಏನೂ ಸಿಗದಿದ್ದರೆ ನಲ್ ಬದಲು ಖಾಲಿ ಲಿಸ್ಟ್ ಕೊಡಲಿ. ಸ್ಟ್ರಿಂಗ್ ಹೋಲಿಸುವಾಗ ಗೊತ್ತಿರುವ ಪದವನ್ನು ಮುಂದಿಟ್ಟು ಈಕ್ವಲ್ಸ್ ಕರೆಯಿರಿ, ಆಗ ಇನ್ನೊಂದು ನಲ್ ಆಗಿದ್ದರೂ ಬೀಳುವುದಿಲ್ಲ.

‘ಸಿಗಬಹುದು, ಸಿಗದೇ ಇರಬಹುದು’ ಅನ್ನುವ ಮೆಥಡ್‌ಗೆ ಜಾವಾ 8ರಲ್ಲಿ ಬಂದ ಆಪ್ಷನಲ್, ಅಂದರೆ ಒಳಗೆ ವ್ಯಾಲ್ಯೂ ಇರಬಹುದಾದ ಅಥವಾ ಖಾಲಿ ಇರಬಹುದಾದ ಡಬ್ಬಿ, ಚೆನ್ನಾಗಿ ಹೊಂದುತ್ತದೆ. ಅದನ್ನು ರಿಟರ್ನ್ ಟೈಪ್‌ಗೆ ಮಾತ್ರ ಇಟ್ಟುಕೊಳ್ಳಿ. ನಲ್ ಬರುವ ಸಾಧ್ಯತೆ ಇದ್ದರೆ ‘ಆಫ್’ ಬೇಡ, ಅದು ನಲ್ ಪಾಯಿಂಟರ್ ಎಕ್ಸೆಪ್ಷನ್ ಎಸೆಯುತ್ತದೆ, ‘ಆಫ್‌ನಲ್ಲಬಲ್’ ಬಳಸಿ. ಆಪ್ಷನಲ್ ಖಾಲಿ ಇದ್ದರೆ ಬದಲಿ ಕೊಡುವ ‘ಆರ್‌ಎಲ್ಸ್’ ಒಳಗೆ ಬರೆದ ಮೆಥಡ್ ಕಾಲ್ ವ್ಯಾಲ್ಯೂ ಇದ್ದರೂ ಓಡುತ್ತದೆ, ಆದ್ದರಿಂದ ಅಲ್ಲಿ ಡೇಟಾಬೇಸ್ ಕೇಳುವ ಕೆಲಸ ಇದ್ದರೆ, ಖಾಲಿ ಇದ್ದಾಗ ಮಾತ್ರ ಓಡುವ ‘ಆರ್‌ಎಲ್ಸ್‌ಗೆಟ್’ ಹಾಕಿ.